ಕನ್ಸೋಲಾ, ಪಿಸಿನಾ? ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಏಳು ವರ್ಷದ ಲೆಕ್ಕ

ಶಿರಸಿ ಕಡೆ ಅಡಿಕೆ ಮಾರಿ ಕೈಗೆ ದುಡ್ಡು ಬಂದಾಗ, ಕಾರವಾರ, ಕುಮಟಾ ಕಡೆ ಮಳೆಗಾಲ ಹತ್ತಿರ ಬಂದಾಗ ನನಗೆ ಒಂದೇ ಪ್ರಶ್ನೆ ಬರುತ್ತದೆ. "ಅಣ್ಣಾ, ಪಿಎಸ್5 ತಗೊಳ್ಲಾ, ಪಿಸಿ ಮಾಡಿಸ್ಲಾ? ಯಾವ್ದು ಕಡೆಗೆ ಕಡಿಮೆ ಬೀಳ್ತದೆ?" ಪಿಎಸ್5 ಅಂದರೆ ಸೋನಿಯ ಪ್ಲೇಸ್ಟೇಷನ್ 5. ಹೀಗೆ ಟಿವಿಗೆ ಜೋಡಿಸಿ ಆಟ ಆಡುವ ಡಬ್ಬಕ್ಕೇ ಕನ್ಸೋಲ್ ಅನ್ನುವುದು. ಕೇಳಿದವರಲ್ಲಿ ಎಷ್ಟೋ ಜನ ಎರಡು ವರ್ಷ ಬಿಟ್ಟು ತಂದದ್ದನ್ನು ಅರ್ಧ ಬೆಲೆಗೆ ಮಾರಲು ಮತ್ತೆ ನನಗೇ ಫೋನ್ ಮಾಡುತ್ತಾರೆ. ನೋಡಿದಾಗ ಬೇಜಾರಾಗುತ್ತದೆ.

ತಪ್ಪು ಪ್ರತಿ ಸಲ ಒಂದೇ ಜಾಗದಲ್ಲಿ ಆಗುತ್ತದೆ. ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಮಶಿನ್ ತರುತ್ತಾರೆ, ಆಮೇಲೆ ಆಟ ಹುಡುಕುತ್ತಾರೆ. ಮನೆಯ ಕರೆಂಟ್, ನೆಟ್, ಗೋಡೆಯ ಥಂಡಿ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ಉಲ್ಟಾ ಮಾಡಿ. ಮೊದಲು ಆಟ, ಆಮೇಲೆ ಮನೆ, ಆಮೇಲೆ ದುಡ್ಡು, ಕಡೆಗೆ ಮಶಿನ್.

ಲೆಕ್ಕವನ್ನು ಏಳು ವರ್ಷಕ್ಕೆ ಹಾಕಿ. ಪಿಎಸ್3 ಬಂದದ್ದು 2006ರಲ್ಲಿ, ಪಿಎಸ್4 2013ರಲ್ಲಿ, ಪಿಎಸ್5 2020ರಲ್ಲಿ. ಒಂದು ಕನ್ಸೋಲಿನ ಆಯಸ್ಸು ಹೆಚ್ಚುಕಡಿಮೆ ಅಷ್ಟೇ. ಪಿಸಿಯನ್ನೂ ಅದೇ ಅಳತೆಯಲ್ಲಿ ಅಳೆದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ.

## ಕೈಯಲ್ಲಿ ಇರಬೇಕಾದ ಸಾಮಾನು

ಒಂದು ನೋಟ್‌ಬುಕ್. ಹಿಂದಿನ 12 ತಿಂಗಳ ಹೆಸ್ಕಾಂ ಕರೆಂಟ್ ಬಿಲ್. ಪ್ಲಗ್ಗಿಗೆ ಸಿಕ್ಕಿಸುವ ಡಿಜಿಟಲ್ ವೋಲ್ಟೇಜ್ ಮೀಟರ್, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಒಂದು ಟಾರ್ಚ್. ನೆಟ್ ವೇಗ ನೋಡಲು ಮೊಬೈಲ್. ತೇವ ತೋರಿಸುವ ಸಣ್ಣ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಒಂದು ವಾರ ಟೈಮ್ ಕೊಡಿ. ಒಂದೇ ಭಾನುವಾರದಲ್ಲಿ ಮುಗಿಸಲು ಹೋದರೆ ಕರೆಂಟಿನ ಭಾಗ ತಪ್ಪುತ್ತದೆ.

## ಹಂತ 1: ಆಟದ ಹೆಸರು ಬರೆಯಿರಿ

"ಎಲ್ಲಾ ಆಡ್ತೇನೆ" ಅನ್ನಬೇಡಿ. ಮುಂದಿನ ಎರಡು ವರ್ಷದಲ್ಲಿ ಖಂಡಿತ ಆಡುವ ಹತ್ತು ಆಟಗಳ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಅದು ಯಾವುದರಲ್ಲಿ ಸಿಗುತ್ತದೆ, ಆನ್‌ಲೈನ್ ಆಡುವುದಾ, ಒಬ್ಬರೇ ಆಡುವುದಾ ಅಂತ ಬರೆಯಿರಿ.

ಕೌಂಟರ್-ಸ್ಟ್ರೈಕ್ 2, ಡೋಟಾ 2 ಪಟ್ಟಿಯಲ್ಲಿದ್ದರೆ ಕನ್ಸೋಲ್ ಮಾತು ಅಲ್ಲಿಗೇ ಮುಗಿಯಿತು. ಅವು ಪಿಸಿಗೆ ಮಾತ್ರ ಇವೆ. ಗ್ರಾನ್ ಟುರಿಸ್ಮೊ 7 ಬೇಕೇ ಬೇಕು ಅಂದರೆ ಪಿಸಿ ಮಾತು ಮುಗಿಯಿತು. ಕೆಲವು ಆಟ ಎರಡಕ್ಕೂ ಬರುತ್ತವೆ, ಆದರೆ ಪಿಸಿಗೆ ತಡವಾಗಿ. ಜಿಟಿಎ 5 ಕನ್ಸೋಲಿಗೆ ಬಂದದ್ದು ಸೆಪ್ಟೆಂಬರ್ 2013ರಲ್ಲಿ, ಪಿಸಿಗೆ ಬಂದದ್ದು ಏಪ್ರಿಲ್ 2015ರಲ್ಲಿ. ಘೋಸ್ಟ್ ಆಫ್ ಸುಶಿಮಾ 2020ರದ್ದು, ಪಿಸಿಗೆ 2024ರಲ್ಲಿ ಬಂತು. ಅಷ್ಟು ದಿನ ಕಾಯುವ ತಾಳ್ಮೆ ನಿಮಗಿದೆಯಾ? ನಿಜ ಬರೆಯಿರಿ, ಪುಸ್ತಕ ನಿಮ್ಮದೇ ಅಲ್ವಾ.

ಆನ್‌ಲೈನ್ ಕಾಲಂ ಯಾಕೆ ಮುಖ್ಯ ಅಂದರೆ, ದುಡ್ಡು ಕೊಟ್ಟು ತಗೊಂಡ ಆಟವನ್ನು ಪ್ಲೇಸ್ಟೇಷನ್‌ನಲ್ಲಿ ಆನ್‌ಲೈನ್ ಆಡಲು ಪ್ರತ್ಯೇಕ ಸದಸ್ಯತ್ವದ ಹಣ ಕಟ್ಟಬೇಕು. ಫೋರ್ಟ್‌ನೈಟ್ ತರಹದ ಪುಕ್ಕಟೆ ಆಟಗಳಿಗೆ ಅದು ಬೇಡ. ಪಿಸಿಯಲ್ಲಿ ಆನ್‌ಲೈನ್ ಆಡಲು ಅಂತ ಇಂಥ ಫೀ ಇಲ್ಲ. ಏಳು ವರ್ಷದ ಲೆಕ್ಕದಲ್ಲಿ ಇದು ದೊಡ್ಡ ಮೊತ್ತ ಆಗುತ್ತದೆ, ಮುಂದೆ ನೋಡೋಣ.

ಎಚ್ಚರಿಕೆ: ಪಟ್ಟಿಯಲ್ಲಿ ಮೂರು ಆಟ ಬರೆದು ಪೆನ್ ನಿಂತುಹೋದರೆ ಈಗಲೇ ಏನನ್ನೂ ತರಬೇಡಿ. ಗೆಳೆಯನ ಮನೆಯಲ್ಲಿ ಒಂದು ತಿಂಗಳು ಆಡಿ ಬನ್ನಿ.

## ಹಂತ 2: ಆ ಮಶಿನ್ ಮನೆಯಲ್ಲಿ ಇನ್ಯಾರಿಗೆ ಬೇಕು?

ತಂಗಿಗೆ ಕಾಲೇಜಿನ ಪ್ರಾಜೆಕ್ಟ್, ಅಪ್ಪಯ್ಯನಿಗೆ ತೋಟದ ಲೆಕ್ಕ, ನಿಮಗೇ ವಿಡಿಯೊ ಎಡಿಟಿಂಗ್. ಈ ಕೆಲಸಗಳಿಗೆ ಹೇಗೂ ಒಂದು ಕಂಪ್ಯೂಟರ್ ತರಲೇಬೇಕು ಅಂತಿದ್ದರೆ ಆ ದುಡ್ಡನ್ನು ಪಿಸಿಯ ಲೆಕ್ಕದಿಂದ ಕಳೆಯಬೇಕು. ಆಟಕ್ಕೆ ಬಿದ್ದ ಖರ್ಚು ಉಳಿದದ್ದು ಮಾತ್ರ.

ಆದರೆ ಇಲ್ಲೇ ಒಂದು ಮೋಸ ಇದೆ. ತಂಗಿ ಹುಬ್ಬಳ್ಳಿ ಹಾಸ್ಟೆಲಿಗೆ ಹೋಗುವವಳಾದರೆ ಡೆಸ್ಕ್‌ಟಾಪ್ ಅವಳ ಜೊತೆ ಹೋಗುವುದಿಲ್ಲ. ಅವಳಿಗೆ ಲ್ಯಾಪ್‌ಟಾಪ್ ಬೇಕೇ ಬೇಕು. ಆಗ ಕಳೆಯುವಂತಿಲ್ಲ. "ಹಾಗಾದ್ರೆ ಗೇಮಿಂಗ್ ಲ್ಯಾಪ್‌ಟಾಪ್ ತಗಂಡ್ರೆ ಅಡ್ಡಿಲ್ಲೆ ಅಲ್ದಾ?" ಅಂತ ಭಾವ ಕೇಳಿದ್ದ. ತಗೊಳ್ಳಬಹುದು. ಆದರೆ ಆಟದ ಚಿತ್ರ ಮೂಡಿಸುವ ಅದರ ಗ್ರಾಫಿಕ್ಸ್ ಚಿಪ್ ಬದಲಿಸಲು ಬರುವುದಿಲ್ಲ. ನಾಲ್ಕನೇ ವರ್ಷದಲ್ಲಿ ಆಟ ಓಡದಿದ್ದರೆ ಇಡೀ ಲ್ಯಾಪ್‌ಟಾಪೇ ಬದಲಾಗಬೇಕು. ಏಳು ವರ್ಷದ ಲೆಕ್ಕಕ್ಕೆ ನಾನು ಅದನ್ನು ಎರಡು ಲ್ಯಾಪ್‌ಟಾಪ್ ಅಂತ ಹಿಡಿಯುತ್ತೇನೆ.

ಇನ್ನೊಂದು ಮಾತು. ಕನ್ಸೋಲ್ ಬಂದರೆ ಹಾಲ್‌ನ ಟಿವಿ ನಿಮ್ಮದಾಗುತ್ತದೆ. ಆಯಿ ಧಾರಾವಾಹಿ ನೋಡುವ ಹೊತ್ತು ಯಾವುದು ಅಂತ ಮೊದಲೇ ಕೇಳಿ. ಕೊನೆಗೆ ಬೇರೆ ಟಿವಿ ತರುವುದಾದರೆ ಆ ದುಡ್ಡೂ ಕನ್ಸೋಲಿನ ಲೆಕ್ಕಕ್ಕೇ ಸೇರುತ್ತದೆ.

## ಹಂತ 3: ಕರೆಂಟ್ ಪರೀಕ್ಷೆ

ನಮ್ಮ ಜಿಲ್ಲೆಯಲ್ಲಿ ಮಶಿನ್‌ಗಳು ಸಾಯುವುದು ಹೆಚ್ಚಾಗಿ ಕರೆಂಟಿನಿಂದ ಮತ್ತು ತೇವದಿಂದ. ಅದಕ್ಕೇ ಈ ಹಂತ ಮತ್ತು ಮುಂದಿನದು ಉದ್ದ ಇವೆ. ಓದಿ ಬಿಡಬೇಡಿ, ಮಾಡಿ ನೋಡಿ.

ವೋಲ್ಟೇಜ್. ಮಶಿನ್ ಇಡಬೇಕು ಅಂದುಕೊಂಡ ಪ್ಲಗ್ಗಿಗೇ ಮೀಟರ್ ಸಿಕ್ಕಿಸಿ. ಸಂಜೆ 7ರಿಂದ 9ರ ನಡುವೆ ಮೂರು ದಿನ ಬರೆದುಕೊಳ್ಳಿ. ಅಕ್ಕಪಕ್ಕದ ತೋಟದಲ್ಲಿ ಪಂಪ್ ಓಡುವ ಹೊತ್ತಿನಲ್ಲೂ ಒಮ್ಮೆ ನೋಡಿ. 230ರ ಆಸುಪಾಸು ಇದ್ದರೆ ಚಿಂತೆ ಇಲ್ಲ. ಪದೇ ಪದೇ 180ಕ್ಕಿಂತ ಕೆಳಗೆ ಬಿದ್ದರೆ ಪಿಸಿಗೆ ಅಗ್ಗದ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬ) ಹಾಕಿಸಲೇಬೇಡಿ. ಅದರ ಸ್ಟಿಕರಿನಲ್ಲಿ 'ಇನ್‌ಪುಟ್' ಅಂತ ಇರುತ್ತದೆ. 100–240 ವೋಲ್ಟ್ ಅಂತಿದ್ದದ್ದು ಬೇಕು. ಕೆಲವು ಅಗ್ಗದವು 200ರಿಂದ ಶುರುವಾಗುತ್ತವೆ, ನಮ್ಮ ಹಳ್ಳಿಗಳಿಗೆ ಅವು ಆಗಿಬರುವುದಿಲ್ಲ.

ಅರ್ತಿಂಗ್. ಬರಿಗಾಲಲ್ಲಿ ನಿಂತು ಕಂಪ್ಯೂಟರ್ ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ ಅನ್ನುತ್ತದಾ? ಅದು ಸಾಮಾನ್ಯ ಅಂತ ಬಿಡಬೇಡಿ. ಅರ್ತಿಂಗ್ ಸರಿ ಇಲ್ಲ ಅಂತಲೇ ಅರ್ಥ. ಚಿರೇಕಲ್ಲಿನ ನೆಲ ಏಪ್ರಿಲ್, ಮೇನಲ್ಲಿ ಒಣಗಿ ಹೋಗುತ್ತದೆ. ಅರ್ತಿಂಗ್ ಗುಂಡಿಗೆ ನೀರು ಹಾಕುವವರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಹಾಳಾಗಿದ್ದರೆ ಹೊಸದು ಹಾಕಿಸಿ. ಆ ಖರ್ಚು ಕನ್ಸೋಲಿಗೂ ಬರುತ್ತದೆ, ಪಿಸಿಗೂ ಬರುತ್ತದೆ. ಮನೆಯವರ ಜೀವಕ್ಕೂ ಅದು ಬೇಕು.

ನ್ಯೂಟ್ರಲ್. ಒಂದು ಕೋಣೆಯ ಬಲ್ಬ್ ಇದ್ದಕ್ಕಿದ್ದಂತೆ ಜಾಸ್ತಿ ಉರಿದು ಇನ್ನೊಂದು ಕೋಣೆಯದ್ದು ಮಂಕಾದರೆ ತಕ್ಷಣ ಮೇನ್ ಆಫ್ ಮಾಡಿ. ಆಮೇಲೆ ಲೈನ್‌ಮ್ಯಾನ್‌ಗೆ ಅಥವಾ 1912ಕ್ಕೆ ಫೋನ್ ಮಾಡಿ. ಮರ ಬಿದ್ದು ನ್ಯೂಟ್ರಲ್ ತಂತಿ ಹರಿದಾಗ ಹೀಗಾಗುತ್ತದೆ. ಆ ಎರಡು ನಿಮಿಷದಲ್ಲಿ ಟಿವಿ, ಫ್ರಿಜ್, ಕನ್ಸೋಲ್ ಎಲ್ಲ ಒಟ್ಟಿಗೇ ಸುಡಬಹುದು.

ಯುಪಿಎಸ್. ಕರೆಂಟ್ ಹೋದಾಗ ಸ್ವಲ್ಪ ಹೊತ್ತು ಬ್ಯಾಟರಿಯಿಂದ ಮಶಿನ್ ಓಡಿಸುವ ಡಬ್ಬ ಇದು, ವಿಎ ಅಂದರೆ ಅದು ಹೊರುವ ಭಾರದ ಅಳತೆ. ಅಂಗಡಿಯಲ್ಲಿ ಕಣ್ಣುಮುಚ್ಚಿ ಕೊಡುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಪಿಎಸ್5 ದೊಡ್ಡ ಆಟ ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಎಲ್‌ಇಡಿ ಟಿವಿ 80 ಅಂತ ಹಿಡಿಯಿರಿ. ಸಾಕಾಗುತ್ತದೆ. ಮಧ್ಯಮ ದರ್ಜೆಯ ಗೇಮಿಂಗ್ ಪಿಸಿ ಮಾನಿಟರ್ ಸೇರಿ 300ರಿಂದ 400 ಎಳೆಯುತ್ತದೆ. ಕರೆಂಟ್ ಹೋದ ಕ್ಷಣವೇ 600 ವಿಎ ಯುಪಿಎಸ್ ಕಿರುಚಿ ಆಫ್ ಆಗಬಹುದು. ಪಿಸಿಗೆ 1000 ಅಥವಾ 1100 ವಿಎ ಬೇಕು. ಮನೆಯ ಇನ್ವರ್ಟರಿಗೆ ಹಾಕುವುದಾದರೆ ಅದು ಸೈನ್ ವೇವ್ ಇನ್ವರ್ಟರ್ ಆಗಿರಬೇಕು, ಹಿಂದಿನ ಬಟನ್ 'ಯುಪಿಎಸ್' ಮೋಡಿನಲ್ಲಿರಬೇಕು.

ಯೂನಿಟ್. ದಿನಕ್ಕೆ ಎರಡು ಗಂಟೆ ಆಡಿದರೆ ಪಿಎಸ್5 ತಿಂಗಳಿಗೆ ಸುಮಾರು 12 ಯೂನಿಟ್ ತಿನ್ನುತ್ತದೆ. 400 ವ್ಯಾಟಿನ ಪಿಸಿಯಾದರೆ 24. ಈಗ ನಿಮ್ಮ ಹಳೆ ಬಿಲ್ ತೆಗೆದು ನೋಡಿ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ದಾಟಿದ್ದಕ್ಕೆ ದುಡ್ಡು. ತಿಂಗಳಿಗೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನ್, ಫ್ರಿಜ್ ಎಲ್ಲ ಸೇರಿ ಈಗಾಗಲೇ 185 ಬರುವ ಮನೆಗೆ 12 ಮತ್ತು 24ರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಒಂದರಲ್ಲಿ 197, ಇನ್ನೊಂದರಲ್ಲಿ 209.

## ಹಂತ 4: ಥಂಡಿ, ಉಪ್ಪು, ಕಿಲುಬು

ಕುಮಟಾದಲ್ಲಿ ನನ್ನ ಸೋದರತ್ತೆಯ ಮನೆ. ಹಿಂದಿನ ಕಿಟಕಿ ತೆಗೆದರೆ ಸಮುದ್ರದ ಗಾಳಿ ನೇರ ಮುಖಕ್ಕೆ. ಅವಳ ಮಗ ಅದೇ ಕಿಟಕಿಯ ಕೆಳಗೆ ಪಿಸಿ ಇಟ್ಟಿದ್ದ, ಕೊಂಡು 14 ತಿಂಗಳಾಗಿತ್ತು. ಜೂನ್‌ನಲ್ಲಿ ಕಾಲೇಜಿಗೆ ಅಂತ ಹೋದವನು ಆಗಸ್ಟ್ ಕೊನೆಗೆ ಬಂದು ಸ್ವಿಚ್ ಹಾಕಿದರೆ ಸ್ಕ್ರೀನ್ ಬರಲಿಲ್ಲ. ನಾನು ಹೋಗಿ ಸ್ಕ್ರೀನಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ ಎಳೆದೆ. ಸುಲಭಕ್ಕೆ ಬರಲಿಲ್ಲ, ಅಲ್ಲಾಡಿಸಿ ತೆಗೆಯಬೇಕಾಯಿತು. ಪಿನ್ನಿನ ತುದಿಯಲ್ಲಿ ಹಸಿರು ಪುಡಿ. ಬಚ್ಚಲುಮನೆಯ ತಾಮ್ರದ ಹಂಡೆಗೆ ಹಿಡಿಯುತ್ತದಲ್ಲ, ಅದೇ ಕಿಲುಬು. ಕ್ಯಾಬಿನೆಟ್ ಬಿಚ್ಚಿದರೆ ಫ್ಯಾನಿನ ರೆಕ್ಕೆ ಮೇಲಿನ ಧೂಳು ಬೆರಳಿಗೆ ಧೂಳಾಗಿ ಬರಲಿಲ್ಲ, ಅಂಟಾಗಿ ಬಂತು. ಉಪ್ಪು ನೀರು ಹೀರಿ ಧೂಳನ್ನು ಕೆಸರು ಮಾಡಿತ್ತು. ಎಲ್ಲ ಭಾಗ ಕೂರುವ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡ್‌ಗೆ ಮೂರು ವರ್ಷದ ವಾರಂಟಿ ಇತ್ತು. ಕಿಲುಬು ಹಿಡಿದದ್ದಕ್ಕೆ ವಾರಂಟಿ ಬರುವುದಿಲ್ಲ ಅಂತ ವಾಪಸ್ ಕಳಿಸಿದರು. ಹೊಸ ಬೋರ್ಡಿಗೆ 11,000 ರೂಪಾಯಿ ಹೋಯಿತು.

ಆ ದಿನದಿಂದ ಕರಾವಳಿಯವರಿಗೆ ನಾನು ಮೊದಲು ಕೇಳುವುದು "ಎಲ್ಲಿ ಇಡ್ತೀರಿ" ಅಂತ.

ಜಾಗ ಹೀಗೆ ಆರಿಸಿ. ಸಮುದ್ರದ ಕಡೆಯ ಕಿಟಕಿಯಿಂದ ದೂರ, ಒಳಗಿನ ಕೋಣೆ ಒಳ್ಳೆಯದು. ಗೋಡೆಯಿಂದ ಕನಿಷ್ಠ ಅರ್ಧ ಅಡಿ ಬಿಡಿ. ನೆಲದ ಮೇಲೆ ಬೇಡವೇ ಬೇಡ. ಮಳೆ ಹಿಡಿಯುವ ಮುಂಚೆ ನೆಲ ಬೆವರುವುದನ್ನು ನೀವೂ ನೋಡಿದ್ದೀರಿ. ಶಿರಸಿ, ಸಿದ್ದಾಪುರ ಕಡೆ ಉಪ್ಪಿಲ್ಲ, ಆದರೆ ಬೂಷ್ಟು ಇದೆ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ ಅಂದರೆ ಆ ಕೋಣೆ ಮಶಿನ್‌ಗೆ ಬೇಡ.

ಮಳೆಗಾಲದಲ್ಲಿ ಮಶಿನ್ ಸುಮ್ನೆ ಇಡಬಾರದು. ದಿನಾ ಅರ್ಧ ಗಂಟೆಯಾದರೂ ಓಡಿಸಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಊರಿಗೆ ಹೋಗುವುದಾದರೆ ಕೇಬಲ್ ಎಲ್ಲ ಬಿಚ್ಚಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ ಇಡಿ. ಬರಿ ಪ್ಲಾಸ್ಟಿಕ್ ಕವರ್ ಹೊದಿಸಿ ಬಿಟ್ಟರೆ ತೇವ ಒಳಗೇ ನಿಲ್ಲುತ್ತದೆ, ಇನ್ನೂ ಕೆಟ್ಟದ್ದು.

ಈ ವಿಷಯದಲ್ಲಿ ಕನ್ಸೋಲ್ ಮತ್ತು ಪಿಸಿ ಬೇರೆ ಬೇರೆ. ಪಿಸಿಯನ್ನು ನೀವೇ ಬಿಚ್ಚಿ ಒಣ ಬ್ರಶ್ಶಿನಿಂದ ಒರೆಸಬಹುದು, ಹಾಳಾದ ಒಂದೇ ಭಾಗ ಬದಲಿಸಬಹುದು. ಪಿಎಸ್5ನಲ್ಲಿ ಪಕ್ಕದ ಕವರ್ ತೆಗೆದು ಧೂಳು ತೆಗೆಯುವಷ್ಟು ಮಾತ್ರ ನಮ್ಮ ಕೆಲಸ. ಅದರ ಮುಂದೆ ಹೋಗಬೇಡಿ. ಒಳಗೆ ಚಿಪ್ಪಿನ ಮೇಲೆ ದ್ರವ ಲೋಹ ಹಚ್ಚಿರುತ್ತಾರೆ. ಅದು ಬೋರ್ಡಿನ ಮೇಲೆ ಚೆಲ್ಲಿದರೆ ಶಾರ್ಟ್ ಆಗುತ್ತದೆ. ಹಾಗಾಗಿ ಕಡಲ ಅಂಚಿನ ಮನೆಯಲ್ಲಿ, ತಿಂಗಳಿಗೊಮ್ಮೆ ಬಿಚ್ಚಿ ಒರೆಸುವ ಶ್ರದ್ಧೆ ಇರುವವರಿಗೆ ಪಿಸಿ ಜಾಸ್ತಿ ಬಾಳುತ್ತದೆ. ಶ್ರದ್ಧೆ ಇಲ್ಲದವರಿಗೆ ಕನ್ಸೋಲೇ ವಾಸಿ, ತೂತು ಕಡಿಮೆ.

ಸಿಡಿಲಿನ ಬಗ್ಗೆ ಒಂದು ಮಾತು. ಗುಡುಗು ಕೇಳಿದ ಕೂಡಲೇ ಪವರ್ ಪ್ಲಗ್ ಎಳೆಯುವವರೂ ಡಿಶ್ ಕೇಬಲ್ ಮರೆಯುತ್ತಾರೆ. ಸಿಡಿಲು ಡಿಶ್ ಕೇಬಲಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯ ಎಚ್‌ಡಿಎಂಐಯಿಂದ ಕನ್ಸೋಲಿಗೆ ದಾಟುತ್ತದೆ. ಕನ್ಸೋಲ್ ಪ್ಲಗ್ಗಿನಲ್ಲೇ ಇರಲಿಲ್ಲ, ಆದರೂ ಎಚ್‌ಡಿಎಂಐ ಪೋರ್ಟ್ ಸುಟ್ಟದ್ದನ್ನು ನೋಡಿದ್ದೇನೆ. ಪ್ಲಗ್, ಡಿಶ್ ಕೇಬಲ್, ಎಚ್‌ಡಿಎಂಐ, ನೆಟ್‌ನ ಲ್ಯಾನ್ ವಯರ್ ನಾಲ್ಕನ್ನೂ ಎಳೆಯಿರಿ. ಇದು ಗುಡುಗು ತಲೆ ಮೇಲೆ ಬರುವ ಮೊದಲು ಮಾಡುವ ಕೆಲಸ. ಬಂದ ಮೇಲೆ ವಯರ್ ಮುಟ್ಟಲು ಹೋಗಬೇಡಿ.

## ಹಂತ 5: ನೆಟ್ ಅಳೆಯಿರಿ

ಇದು ಬೇಗ ಮುಗಿಯುತ್ತದೆ. ಈಗಿನ ದೊಡ್ಡ ಆಟ 100 ಜಿಬಿ ಅಂತ ಹಿಡಿಯಿರಿ. ಮನೆಗೆ ಫೈಬರ್ ಬಂದು 40 ಎಂಬಿಪಿಎಸ್ ವೇಗ ಇದ್ದರೆ ಸುಮಾರು ಐದೂವರೆ ಗಂಟೆಯಲ್ಲಿ ಇಳಿಯುತ್ತದೆ. ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ಮಾತ್ರ ಇದ್ದರೆ 50 ದಿನ. ಅದೂ ಮನೆಯವರು ಬೇರೆ ಯಾರೂ ಏನೂ ನೋಡದಿದ್ದರೆ.

ಘಟ್ಟದ ಮೇಲಿನ ಒಂಟಿ ಮನೆಗಳಲ್ಲಿ ಫೈಬರ್ ಇಲ್ಲ, ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು ಅಂತಿದ್ದರೆ ಡಿಸ್ಕ್ ಹಾಕುವ ಕನ್ಸೋಲ್ ಬಿಟ್ಟು ಬೇರೆ ದಾರಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಡಿಸ್ಕಿನಲ್ಲಿ ಬರುವ ಎಷ್ಟೋ ಆಟಗಳನ್ನು ಅಪ್‌ಡೇಟ್ ಇಲ್ಲದೆಯೂ ಶುರು ಮಾಡಬಹುದು. ಪಿಸಿ ಆಟಗಳು ಈಗ ಡೌನ್‌ಲೋಡ್‌ನಲ್ಲೇ ಬರುವುದು.

ಸಾಮಾನ್ಯ ತಪ್ಪು: ಒಂದಿಷ್ಟು ದುಡ್ಡು ಉಳಿಯುತ್ತದೆ ಅಂತ ಡಿಸ್ಕ್ ಇಲ್ಲದ ಡಿಜಿಟಲ್ ಮಾಡೆಲ್ ತರುವುದು. ನೆಟ್ ಕೈಕೊಟ್ಟರೆ ಆಟ ಇಲ್ಲ. ಆಡಿ ಮುಗಿದ ಆಟವನ್ನು ಮಾರಲೂ ಬರುವುದಿಲ್ಲ. ಆಮೇಲೆ ಬಂದ ತೆಳ್ಳಗಿನ ಸ್ಲಿಮ್ ಮಾಡೆಲ್‌ಗಾದರೆ ಡಿಸ್ಕ್ ಓದುವ ಡ್ರೈವ್ ಬೇಕೆಂದಾಗ ಸೇರಿಸಬಹುದು, ಸೇರಿಸುವಾಗ ಒಮ್ಮೆ ನೆಟ್ ಬೇಕು. ಮೊದಲು ಬಂದ ದಪ್ಪ ಡಿಜಿಟಲ್ ಮಾಡೆಲ್‌ಗೆ ಅದೂ ಆಗುವುದಿಲ್ಲ.

## ಹಂತ 6: ಏಳು ವರ್ಷದ ಹಾಳೆ

ಹಾಳೆಯ ಮಧ್ಯ ಒಂದು ಗೆರೆ ಎಳೆಯಿರಿ. ಎಡಕ್ಕೆ ಕನ್ಸೋಲ್, ಬಲಕ್ಕೆ ಪಿಸಿ. ಎರಡೂ ಕಡೆ ಆಟಗಳ ಸಂಖ್ಯೆ ಒಂದೇ ಇರಬೇಕು. ಇದು ತಪ್ಪಿದರೆ ಹಾಳೆಯೇ ದಂಡ. ಕೆಳಗಿನ ಅಂಕಿಗಳು ಲೆಕ್ಕ ಹೇಗೆ ಹಾಕುವುದು ಅಂತ ತೋರಿಸಲು ಮಾತ್ರ. ನಿಮ್ಮ ಅಂಗಡಿಯ ಇವತ್ತಿನ ಬೆಲೆ ಹಾಕಿ ನೀವೇ ಮಾಡಬೇಕು. 2025ರ ಕೊನೆಯಿಂದ ರ‍್ಯಾಮ್ (ಪಿಸಿಯ ಮೆಮೊರಿ) ಬೆಲೆ ಏರಿದ್ದನ್ನು ನೋಡಿದವರಿಗೆ ಹಳೆ ಬೆಲೆ ನಂಬಬಾರದು ಅಂತ ಗೊತ್ತು.

ಎಡಗಡೆ. ಡಿಸ್ಕ್ ಇರುವ ಪಿಎಸ್5 ಸ್ಲಿಮ್ ಏಪ್ರಿಲ್ 2024ರಲ್ಲಿ ಇಲ್ಲಿ ಬಂದದ್ದು 54,990ಕ್ಕೆ. 55,000 ಅಂತ ಬರೆಯೋಣ. ಟಿವಿ ಮನೆಯಲ್ಲಿದೆ. ಏಳು ವರ್ಷದಲ್ಲಿ ಎರಡು ಕಂಟ್ರೋಲರ್ ಬೇಕೇ ಬೇಕಾಗುತ್ತದೆ, ಸ್ಟಿಕ್ ತಾನೇ ಸರಿಯಲು ಶುರುವಾಗುತ್ತದೆ. ಅದಕ್ಕೆ 12,000. ಆನ್‌ಲೈನ್ ಸದಸ್ಯತ್ವ ವರ್ಷಕ್ಕೆ 4,000 ಹಿಡಿದರೆ 28,000. ಆಟ ತುಂಬಿಡುವ ಹೆಚ್ಚಿನ ಜಾಗಕ್ಕೆ ಒಂದು ಎಸ್‌ಎಸ್‌ಡಿ 8,000. ಯುಪಿಎಸ್ ಮತ್ತು ಅದರ ಬ್ಯಾಟರಿ 6,000. ಆಟ ವರ್ಷಕ್ಕೆ ನಾಲ್ಕು. ಡಿಸ್ಕನ್ನು 3,000ಕ್ಕೆ ತಗೊಂಡು ಮುಗಿಸಿ 1,500ಕ್ಕೆ ಮಾರಿದರೆ ಏಳು ವರ್ಷಕ್ಕೆ 42,000. ಒಟ್ಟು 1,51,000. ಕೊನೆಗೆ ಮಶಿನ್ ಮಾರಿ 12,000 ಬಂತು ಅಂದುಕೊಂಡರೆ ಉಳಿದದ್ದು 1,39,000.

ಬಲಗಡೆ. ಪಿಸಿ 75,000, ಮಾನಿಟರ್ 10,000, ಕೀಬೋರ್ಡ್, ಮೌಸ್, ಹೆಡ್‌ಸೆಟ್ 4,000, ದೊಡ್ಡ ಯುಪಿಎಸ್ 6,000. ಮೊದಲ ದಿನವೇ 95,000. ನಾಲ್ಕನೇ ವರ್ಷ ಹೊಸ ಗ್ರಾಫಿಕ್ಸ್ ಕಾರ್ಡ್ 28,000, ಹಳೆಯದನ್ನು ಮಾರಿದರೆ 8,000 ವಾಪಸ್, ಅಂದರೆ 20,000. ಎಸ್‌ಎಸ್‌ಡಿ 8,000. ಯುಪಿಎಸ್ ಬ್ಯಾಟರಿ ಎರಡು ಸಲ, 3,000. ಆಟ ಅದೇ ನಾಲ್ಕು, ಆದರೆ ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಬೇಸಿಗೆ ಅಥವಾ ಡಿಸೆಂಬರ್ ಸೇಲ್ ತನಕ ಕಾದು 1,200ರಂತೆ ತಗೊಂಡರೆ 33,600. ಜಾಸ್ತಿ ಎಳೆದ ಕರೆಂಟ್ ಏಳು ವರ್ಷಕ್ಕೆ ಸಾವಿರ ಯೂನಿಟ್, ಆರು ರೂಪಾಯಿಯಂತೆ 6,000. ಒಟ್ಟು 1,65,600. ಕೊನೆಗೆ ಮಾರಿದರೆ 20,000. ಉಳಿದದ್ದು 1,45,600.

ಮೊದಲ ದಿನ ಅಂಗಡಿಯಲ್ಲಿ 55,000 ಮತ್ತು 95,000. ವ್ಯತ್ಯಾಸ 40,000. ಏಳು ವರ್ಷ ಕಳೆದ ಮೇಲೆ ಅದು 6,600ಕ್ಕೆ ಬಂದು ನಿಂತಿತು. ಎರಡು ಕಂಟ್ರೋಲರಿನ ಬೆಲೆಯೂ ಅಲ್ಲ. ಈ ಹಾಳೆಯನ್ನು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಈಗ ಹಂತ 1 ಮತ್ತು 2ರಲ್ಲಿ ಬರೆದದ್ದನ್ನು ಇದರ ಮೇಲೆ ಹಾಕಿ. ನೀವು ಒಬ್ಬರೇ ಆಡುವ ಕಥೆಯ ಆಟಗಳನ್ನೇ ಆಡುವವರಾ? ಸದಸ್ಯತ್ವದ 28,000 ಹೊಡೆದುಹಾಕಿ. ಕನ್ಸೋಲ್ 34,600 ಕಡಿಮೆಗೆ ಬಿತ್ತು. ಮನೆಗೆ ಹೇಗೂ 40,000ದ ಕಂಪ್ಯೂಟರ್ ಬರಬೇಕಿತ್ತಾ? ಅದನ್ನು ಪಿಸಿ ಕಡೆಯಿಂದ ಕಳೆಯಿರಿ. ಪಿಸಿ 33,400 ಕಡಿಮೆಗೆ ಬಿತ್ತು. ಒಂದೇ ಹಾಳೆ, ಒಂದೇ ಬೆಲೆ. ಉತ್ತರ ಬದಲಾದದ್ದು ಮನೆಯಿಂದ.

ಇನ್ನೊಂದು ಸಾಲು ಸೇರಿಸಿ: ದುಡ್ಡು ಯಾವಾಗ ಬರುತ್ತದೆ? ವರ್ಷಕ್ಕೊಮ್ಮೆ ಅಡಿಕೆ ದುಡ್ಡು ಬರುವ ಮನೆಗೆ ಪಿಸಿ ಹೊಂದುತ್ತದೆ, ಒಂದು ವರ್ಷ ಬೋರ್ಡು, ಇನ್ನೊಂದು ವರ್ಷ ಕಾರ್ಡು ಅಂತ ಹಂಚಿಕೊಳ್ಳಬಹುದು. ಹಾಗೆ ಮಾಡುವುದಾದರೆ ಮದರ್‌ಬೋರ್ಡ್ ಆರಿಸುವಾಗ ಮುಂದಿನ ಪ್ರೊಸೆಸರ್ ಅದರಲ್ಲಿ ಕೂರುತ್ತದಾ ಕೇಳಿ. ಎಎಂಡಿ ಕಂಪನಿಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ತಗೊಂಡವರು 2017ರ ಬೋರ್ಡಿನಲ್ಲೇ 2022ರ ಪ್ರೊಸೆಸರ್ ಹಾಕಿಕೊಂಡದ್ದುಂಟು. ತಿಂಗಳ ಸಂಬಳದವರಿಗೆ ಕಂತಿನಲ್ಲಿ ಕನ್ಸೋಲ್ ಸಲೀಸು.

ಕೊಂಡ ಆಟಗಳ ಮುಂದಿನ ಗತಿಯೂ ಮೌಲ್ಯದ ಭಾಗವೇ. ಪಿಎಸ್4ರ ಹೆಚ್ಚಿನ ಆಟ ಪಿಎಸ್5ನಲ್ಲಿ ಓಡುತ್ತವೆ, ಪಿಎಸ್3ರ ಡಿಸ್ಕ್ ಓಡುವುದಿಲ್ಲ. ಮೈಕ್ರೋಸಾಫ್ಟ್‌ನ ಹಳೆ ಕನ್ಸೋಲ್ ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿ ಜುಲೈ 2024ರಲ್ಲಿ ಬಾಗಿಲು ಹಾಕಿತು. ಪಿಸಿಯಲ್ಲಿ ಹತ್ತು ವರ್ಷ ಹಿಂದೆ ಕೊಂಡ ಆಟ ಹೊಸ ಪಿಸಿಯಲ್ಲೂ ಸಾಮಾನ್ಯವಾಗಿ ಓಡುತ್ತದೆ. ಹಳೆ ಆಟಕ್ಕೆ ಮತ್ತೆ ಮತ್ತೆ ಮರಳುವವರು ನೀವಾದರೆ ಪಿಸಿ ಕಡೆ ಒಂದು ಗುರುತು ಹಾಕಿ.

## ಹಂತ 7: ರಿಪೇರಿಗೆ ಎಷ್ಟು ದೂರ?

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಕಾರವಾರದಿಂದ 160ಕ್ಕೂ ಜಾಸ್ತಿ. ಕಾರವಾರದವರಿಗೆ ಗೋವಾವೇ ಹತ್ತಿರ. ಕನ್ಸೋಲ್ ಕೆಟ್ಟರೆ ಇಡೀ ಡಬ್ಬ ಕಳಿಸಬೇಕು, ಬರುವ ತನಕ ಆಟ ಇಲ್ಲ. ಹೊಸ ಕನ್ಸೋಲಿಗೆ ವಾರಂಟಿ ಒಂದು ವರ್ಷ. ಪಿಸಿಯ ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಮೂರು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇರುವುದೇ ಸಾಮಾನ್ಯ. ಕೆಟ್ಟ ಭಾಗ ಒಂದನ್ನೇ ಕಳಿಸಿದರಾಯಿತು. ಆದರೆ ಯಾವ ಭಾಗ ಕೆಟ್ಟಿದೆ ಅಂತ ಹಿಡಿಯುವವರು ಊರಲ್ಲಿ ಬೇಕು. ಅಂಥವರು ಇದ್ದಾರಾ ಅಂತ ಕೊಳ್ಳುವ ಮೊದಲೇ ಹೋಗಿ ಮಾತಾಡಿ ಬನ್ನಿ.

## ಹಂತ 8: ಸೆಕೆಂಡ್ ಹ್ಯಾಂಡ್ ತರುವುದಾದರೆ

ಕನ್ಸೋಲ್ ಆದರೆ ಮಾರುವವರ ಮನೆಯಲ್ಲೇ ನಿಮ್ಮ ಸ್ವಂತ ಅಕೌಂಟಿನಿಂದ ಲಾಗಿನ್ ಆಗಿ ಆನ್‌ಲೈನ್ ಹೋಗಿ ನೋಡಿ. ಬ್ಯಾನ್ ಆದ, ಅಂದರೆ ಕಂಪನಿಯೇ ಆನ್‌ಲೈನ್‌ನಿಂದ ಹೊರಗೆ ಹಾಕಿದ ಕನ್ಸೋಲ್ ಅಲ್ಲಿಯೇ ಗೊತ್ತಾಗುತ್ತದೆ. ಡಿಸ್ಕ್ ಹಾಕಿ ಅರ್ಧ ಗಂಟೆ ಆಡಿ. ಮೊದಲ ಪಿಎಸ್5ಗಳಲ್ಲಿ ಡಿಸ್ಕ್ ಡ್ರೈವ್ ಆ ಬೋರ್ಡಿಗೇ ಜೋಡಿಯಾಗಿರುತ್ತದೆ, ಬೇರೆ ತಂದು ಹಾಕಿದರೆ ಓದುವುದಿಲ್ಲ. ಟಾರ್ಚ್ ಹಿಡಿದು ಎಚ್‌ಡಿಎಂಐ ಪೋರ್ಟಿನ ಒಳಗೆ ನೋಡಿ. ಹಸಿರು ಕಂಡರೆ ಬೆಲೆ ಎಷ್ಟೇ ಕಡಿಮೆ ಇರಲಿ, ಕೈಮುಗಿದು ಬನ್ನಿ.

ಪಿಸಿಯಲ್ಲಿ ದೊಡ್ಡ ಬಲೆ ಅಂದರೆ ಹಳೆ ಆಫೀಸ್ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿ 'ಗೇಮಿಂಗ್ ಪಿಸಿ' ಅಂತ ಮಾರುವುದು. ವಿಂಡೋಸ್ 10ರ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯಿಂದ ಮೇಲಿನದ್ದು ಬೇಕು. ವಾಲೊರಂಟ್ ಆಡುವವರು ಇದನ್ನು ಎರಡು ಸಲ ನೋಡಿ. ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗಿನ ಭದ್ರತಾ ಸೆಟ್ಟಿಂಗ್) ಇಲ್ಲದೆ ಶುರುವಾಗುವುದೇ ಇಲ್ಲ. ಮಾರುವವನು 'ಆಮೇಲೆ ಮಾಡಿಕೊಡ್ತೇನೆ' ಅಂದರೆ ಮುಂದೆ ಮಾತಾಡಬೇಡಿ.

## ಹಂತ 9: ತಂದ ಮೇಲೆ ಮೊದಲ ವಾರ

ಮೊದಲ ವಾರ ಜಾಸ್ತಿ ಆಡಿ. ದಿನಕ್ಕೆ ಎರಡು ಗಂಟೆ ಬಿಡದೆ ಆಡಿ ನೋಡಿ. ಒಳಗಿನ ದೋಷ ಇದ್ದರೆ ಹೆಚ್ಚಾಗಿ ಆಗಲೇ ತಲೆ ಎತ್ತುತ್ತದೆ, ವಾಪಸ್ ಕೊಡುವ ಅವಧಿ ಮುಗಿದಿರುವುದಿಲ್ಲ. ಫ್ಯಾನ್ ಸದ್ದು ದಿನ ದಿನ ಏರುವುದು, ಸುಟ್ಟ ವಾಸನೆ, ಆಟದ ಮಧ್ಯ ತಾನೇ ಆಫ್ ಆಗುವುದು, ಸ್ಕ್ರೀನಿನಲ್ಲಿ ಬಣ್ಣದ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡು ಅದೇ ದಿನ ಅಂಗಡಿಗೆ ತಿಳಿಸಿ.

ಸ್ಟೀಮ್‌ನಲ್ಲಿ ಕೊಂಡ ಆಟ ನಿಮ್ಮ ಪಿಸಿಯಲ್ಲಿ ಸರಿಯಾಗಿ ಓಡದಿದ್ದರೆ, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಎಪಿಕ್ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿ ವಾರಕ್ಕೊಂದಾದರೂ ಆಟ ಪುಕ್ಕಟೆ ಕೊಡುತ್ತದೆ. ಪಿಸಿ ತಂದ ದಿನವೇ ಅಕೌಂಟ್ ಮಾಡಿ ಪ್ರತಿ ವಾರ ಸೇರಿಸಿಕೊಳ್ಳುತ್ತಾ ಹೋಗಿ.

ಬಿಲ್ಲಿನ ಫೋಟೊ ತೆಗೆದಿಡಿ, ಅಂಗಡಿಯ ಬಿಲ್ಲಿನ ಶಾಯಿ ನಮ್ಮ ಮಳೆಗಾಲ ದಾಟುವುದಿಲ್ಲ. ಡಬ್ಬ ಮತ್ತು ಥರ್ಮಾಕೋಲನ್ನು ಒಲೆಗೆ ಹಾಕಬೇಡಿ, ಅಟ್ಟದ ಮೇಲಿಡಿ. ಏಳು ವರ್ಷದಲ್ಲಿ ಒಮ್ಮೆಯಾದರೂ ಅದೇ ಡಬ್ಬದಲ್ಲಿ ಮಶಿನ್ ಘಟ್ಟ ಇಳಿಯಬೇಕು ಅಥವಾ ಹತ್ತಬೇಕು.